ಅಭಿಮಾನವು ಕಿಚ್ಚಾಗುವ ಬಗೆ

ಹುಲಿಕೆರೆಯ ಮೆಟ್ಟಿಲುಕೊಳವನ್ನು ನೋಡಿದವರು ಸಾಮಾನ್ಯವಾಗಿ ಹಳೇಬೀಡಿಗೂ ಹೋಗುವರು. ಅಲ್ಲಿ ಹೊಯ್ಸಳೇಶ್ವರ ದೇವಾಲಯದ ತೆಂಕಣ ಬದಿಗೆ ಒಂದು ಕಂಬವುಂಟು. ಗೋಡೆಯ ಶಿಲ್ಪಗಳನ್ನು ನೋಡುವ ಆತುರದಲ್ಲಿ ಬಹುಮಂದಿ ಅದನ್ನು ಗಮನಿಸುವುದೇ ಇಲ್ಲ. ತಮ್ಮ ಕೊರಳನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅದರ ಮೇಲೆ ಕೆತ್ತಲಾಗಿದೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ಗತಿಸಿದಾಗ ದಂಡನಾಯಕ ಕುವರಲಕ್ಷ್ಮನು ಪತ್ನಿಯೊಡನೆಯೂ ಅನುಚರರೊಡನೆಯೂ ಪ್ರಾಣ ನೀಗಿದನೆಂದು ಅಲ್ಲಿನ ಶಾಸನವು ಸಾರುತ್ತದೆ. ಇಂತಹ ಭಟರಿಗೆ ಗರುಡರೆಂದು ಹೆಸರು.

ಗರುಡರು ಒಡೆಯನ ಅನ್ನವನ್ನು ಉಂಡವರು. ಒಡೆಯನೂ ಅವರನ್ನು ಬಲ್ಲವನು. ಇಂದಿನ ಅಭಿಮಾನದ ಸ್ಥಿತಿ ಬೇರೆ. ಅಭಿಮಾನಿಯು ನಟನ ನಗೆ, ನಡೆ, ದನಿಗಳನ್ನೆಲ್ಲ ಬಲ್ಲನು. ನಟನಿಗೆ ಅವನ ಹೆಸರೂ ತಿಳಿಯದು. ಪರದೆಯ ಮೂಲಕ ಬೆಳೆಯುವ ಈ ಏಕಮುಖ ಆಪ್ತತೆಯನ್ನು 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಅಮೆರಿಕದ ವಿದ್ವಾಂಸರು ವಿವರಿಸಿದರು. ಬಹುತೇಕ ಜನರಲ್ಲಿ ಇದು ನಿರಪಾಯಕರ. ಅಪರೂಪಕ್ಕೆ ಒಬ್ಬನ ತಲೆಯಲ್ಲಿ ಅದು ಕೆಡುವುದೂ ಉಂಟು. ಜೋಡಿ ಫಾಸ್ಟರ್ ಎಂಬ ನಟಿಯ ಗಮನ ಸೆಳೆಯಬೇಕೆಂದು ಜಾನ್ ಹಿಂಕ್ಲಿ ಎಂಬವನು 1981ರ ಮಾರ್ಚ್ 30ರಂದು ಅಮೆರಿಕದ ಅಧ್ಯಕ್ಷ ರೇಗನ್ನರ ಮೇಲೆ ಗುಂಡು ಹಾರಿಸಿದನು.

ನಮ್ಮ ನಾಡಿನ ಪ್ರಶ್ನೆ ಒಬ್ಬನದಲ್ಲ, ಗುಂಪಿನದು. ಡಾ. ರಾಜಕುಮಾರ್ ಕೇವಲ ನಟರಾಗಿರಲಿಲ್ಲ. 1982ರ ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದ ಮೇಲೆ ಅವರ ಮುಖವೇ ಕನ್ನಡದ ಮುಖವಾಯಿತು. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ದೊಡ್ಡಗಾಜನೂರಿನಿಂದ ಅಪಹರಿಸಿದನು. ಕಾವೇರಿ ನೀರಿನ ವಿಷಯವೂ ತಮಿಳು ಭಾಷೆಯ ಸ್ಥಾನಮಾನವೂ ಅವನ ಬೇಡಿಕೆಗಳಲ್ಲಿ ಸೇರಿದ್ದವು. ಒಬ್ಬ ನಟರ ಬಿಡುಗಡೆಯು ಎರಡು ರಾಜ್ಯಗಳ ರಾಜಕೀಯವಾಯಿತು. ಬೆಂಗಳೂರಿನಲ್ಲಿ ಕಲ್ಲುತೂರಾಟ ನಡೆಯಿತು. 108 ದಿನಗಳ ತರುವಾಯ ಅವರು ಹಿಂದಿರುಗಿದರು.

ಅವರು 2006ರ ಏಪ್ರಿಲ್ 12ರಂದು ನಿಧನರಾದರು. ದರ್ಶನಕ್ಕಾಗಿ ನೆರೆದವರಿಗೆ ಪಾರ್ಥಿವ ಶರೀರವು ಎಲ್ಲಿದೆ, ಯಾವಾಗ ಕಾಣಸಿಗುವುದೆಂಬುದೇ ಸರಿಯಾಗಿ ತಿಳಿಯಲಿಲ್ಲ. ದುಃಖವು ಸಿಟ್ಟಾಯಿತು. ಆ ಸಿಟ್ಟಿಗೆ ಎದುರಾದದ್ದು ಸರಕಾರದ ಅತ್ಯಂತ ಸಮೀಪದ ರೂಪಗಳು: ಬಸ್ಸು ಮತ್ತು ಪೋಲೀಸು. ಬಸ್ಸುಗಳು ಉರಿದವು, ಗೋಲಿಬಾರಾಯಿತು. ಒಬ್ಬ ಪೋಲೀಸನೂ ಸೇರಿ ಎಂಟು ಮಂದಿ ಸತ್ತರು. ಅಭಿಮಾನಿಗಳನ್ನು ದೇವರೆಂದೇ ಕರೆಯುತ್ತಿದ್ದವರ ಅಂತ್ಯಯಾತ್ರೆ ಹೀಗೆ ಸಾಗಿತು.

ನೆರೆದ ಲಕ್ಷಾಂತರ ಜನರೆಲ್ಲರೂ ಕ್ರೂರಿಗಳಾಗಿದ್ದರೇ? ಹಾಗೆಂದುಕೊಳ್ಳಬೇಕಾಗಿಲ್ಲ. ಮಾರ್ಕ್ ಗ್ರನೋವೆಟರ್ 1978ರಲ್ಲಿ ತೋರಿಸಿದ ಲೆಕ್ಕವೊಂದುಂಟು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಅದು ಪರಮಾಣು ಸರಣಿಕ್ರಿಯೆಯನ್ನು ನೆನಪಿಗೆ ತರುತ್ತದೆ. ನೂರು ಜನರ ಒಂದು ಗುಂಪನ್ನು ಊಹಿಸಿರಿ. ಮೊದಲನೆಯವನು ಯಾರನ್ನೂ ಕಾಯದೆ ಕಲ್ಲೆಸೆಯುವನು. ಎರಡನೆಯವನು ಒಬ್ಬನು ಎಸೆದ ಮೇಲೆ, ಮೂರನೆಯವನು ಇಬ್ಬರು ಎಸೆದ ಮೇಲೆ. ನೂರನೆಯವನು ತೊಂಬತ್ತೊಂಬತ್ತು ಜನರನ್ನು ಕಂಡ ಮೇಲೆ. ಇಲ್ಲಿ ನೂರು ಕಲ್ಲುಗಳೂ ಬೀಳುವುವು. ಈಗ ಎರಡನೆಯವನನ್ನು ತೆಗೆದು, ಇಬ್ಬರಿಗಾಗಿ ಕಾಯುವವನೊಬ್ಬನನ್ನು ಅಲ್ಲಿ ನಿಲ್ಲಿಸಿರಿ. ಗಲಭೆಯು ಒಂದೇ ಕಲ್ಲಿಗೆ ಮುಗಿಯುವುದು! ಉಳಿದ ತೊಂಬತ್ತೆಂಟು ಮಂದಿಯ ಸ್ವಭಾವ ಎಳ್ಳಷ್ಟೂ ಬದಲಾಗಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗಲಭೆಯ ಗಾತ್ರವನ್ನು ನೋಡಿ ಜನರ ಗುಣವನ್ನು ಅಳೆಯುವುದು ಆದುದರಿಂದ ತಪ್ಪು. ಕಾಯುವಿಕೆ, ವದಂತಿ, ನೂಕುನುಗ್ಗಲುಗಳು ಪ್ರತಿಯೊಬ್ಬನ ಹೊಸ್ತಿಲನ್ನು ತಗ್ಗಿಸುತ್ತವೆ. ದಾರಿಯೂ ವೇಳೆಯೂ ತಿಳಿದಿದ್ದರೆ ಅದು ಎತ್ತರದಲ್ಲಿಯೇ ನಿಲ್ಲುವುದು.

2021ರ ಅಕ್ಟೋಬರ್ 29ರಂದು ರಾಜಕುಮಾರರ ಕಿರಿಯ ಮಗ ಪುನೀತ್ ಹಠಾತ್ತನೆ ತೀರಿಕೊಂಡರು. ಅದೇ ನಗರ, ಅದೇ ಕಂಠೀರವ ಕ್ರೀಡಾಂಗಣ. ಈ ಸಲ ಮದ್ಯದ ಮಾರಾಟವನ್ನು ನಿಲ್ಲಿಸಿದರು. ಸಾರ್ವಜನಿಕರ ದರ್ಶನಕ್ಕೆ ದೀರ್ಘಕಾಲ ಅವಕಾಶವಿತ್ತರು. ಲಕ್ಷಾಂತರ ಜನರು ಸಾಲಾಗಿ ಬಂದು ನೋಡಿ ಹೋದರು. 31ರ ಬೆಳಗ್ಗೆ ಅಂತ್ಯಕ್ರಿಯೆ ನಡೆಯಿತು. 2006ರಂತಹ ಗಲಭೆ ಮರುಕಳಿಸಲಿಲ್ಲ. ಆದರೂ ಆ ದಿನಗಳಲ್ಲಿ ಕೆಲವು ಅಭಿಮಾನಿಗಳು ದುಃಖ ತಾಳಲಾರದೆ ಪ್ರಾಣ ಕಳೆದುಕೊಂಡ ಸುದ್ದಿ ಬಂದಿತು. ಗುಂಪಿನ ಲೆಕ್ಕವು ಆ ಸಾವುಗಳನ್ನು ವಿವರಿಸಲಾರದು.