ನಿಮಗಿದು ಗೊತ್ತೇ? ಕಂತಿನಲ್ಲಿ ಬಂದ ಸಿರಿ

1920ರ ದಶಕದ ಅಮೆರಿಕವೆಂದರೆ ಜಾಸ್, ರೇಡಿಯೊ, ಮೋಟಾರು, ಷೇರು. ಎಲ್ಲಕ್ಕೂ ಏರುಗಾಲ. ಆ ಸಿರಿ ಕೆಲವರ ಮನೆಗೆ ಇಡಿಗಂಟಾಗಿ ಬಂತು, ಹಲವರ ಮನೆಗೆ ಕಂತಿನಲ್ಲಿ ಬಂತು, ಇನ್ನು ಕೆಲವರ ಮನೆಯ ದಾರಿಯನ್ನೇ ಮರೆಯಿತು.

★ 1908ರಲ್ಲಿ 850 ಡಾಲರ್ ಇದ್ದ ಫೋರ್ಡ್ ‘ಮಾಡೆಲ್ ಟಿ’ ಕಾರು 1925ರಲ್ಲಿ 260 ಡಾಲರ್‌ಗೇ ಸಿಗುತ್ತಿತ್ತು. ಸಾಹುಕಾರರ ಷೋಕಿ ಕಾರ್ಖಾನೆಯ ಕೂಲಿಯವನ ಕೈಗೂ ಎಟುಕಿತು.

★ ಎಟುಕಿದ್ದು ಸಾಲದಿಂದ! ದಶಕದ ಕೊನೆಗೆ ಅರ್ಧಕ್ಕೂ ಹೆಚ್ಚು ಕಾರುಗಳು ಕಂತಿನ ಮೇಲೆಯೇ ಮಾರಾಟವಾಗುತ್ತಿದ್ದವು. ರೇಡಿಯೊ, ಪಿಯಾನೊ, ಹೊಲಿಗೆ ಯಂತ್ರಗಳದ್ದೂ ಅದೇ ಕಥೆ. ಹಾಸಿಗೆ ಇದ್ದಷ್ಟು ಕಾಲು ಚಾಚೋಣವೆಂದರೆ ಹಾಸಿಗೆಯೇ ಸಾಲದ್ದು.

★ ಇಂಡಿಯಾನಾದ ಮನ್ಸಿ ಪಟ್ಟಣದ ಬದುಕನ್ನು ಅಭ್ಯಾಸ ಮಾಡಿದ ಲಿಂಡ್ ದಂಪತಿ 1929ರಲ್ಲಿ ‘ಮಿಡಲ್‌ಟೌನ್’ ಪುಸ್ತಕ ಪ್ರಕಟಿಸಿದರು. ಹಳೆಯ, ಜೀರ್ಣ ಮನೆಗಳಲ್ಲಿದ್ದೂ ಕಾರು ಇಟ್ಟುಕೊಂಡಿದ್ದ 26 ಕುಟುಂಬಗಳನ್ನು ಅವರು ವಿಚಾರಿಸಿದರು. 21 ಮನೆಗಳಲ್ಲಿ ಸ್ನಾನದ ತೊಟ್ಟಿಯೇ ಇರಲಿಲ್ಲ.

★ ಅತಿ ಶ್ರೀಮಂತರ ಆದಾಯ ತೆರಿಗೆ ದಶಕದ ಆರಂಭದಲ್ಲಿ ಶೇ 73ರವರೆಗೆ ಇತ್ತು. 1925ರ ಆದಾಯಕ್ಕೆ ಶೇ 25ಕ್ಕೆ ಇಳಿಯಿತು. ಇಳಿಸಲು ಹಟ ಹಿಡಿದ ಖಜಾನೆ ಕಾರ್ಯದರ್ಶಿ ಆಂಡ್ರ್ಯೂ ಮೆಲನ್ ಸ್ವತಃ ದೇಶದ ಮುಂಚೂಣಿ ಕುಬೇರರಲ್ಲಿ ಒಬ್ಬರು. ಬಡವರಿಗೆ ಈ ಇಳಿಕೆಯಿಂದ ಆಗಬೇಕಾದ್ದೇನೂ ಇರಲಿಲ್ಲ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲವಲ್ಲ!

★ ಸಂಸಾರದ ತೀರಾ ಅಗತ್ಯಗಳಿಗೆ ವರ್ಷಕ್ಕೆ 2,000 ಡಾಲರ್ ಬೇಕೆಂದು ಬ್ರೂಕಿಂಗ್ಸ್ ಸಂಸ್ಥೆ ಲೆಕ್ಕ ಹಾಕಿತು. 1929ರಲ್ಲಿ, ಸಿರಿಯ ತುತ್ತತುದಿಯಲ್ಲೂ, ಸುಮಾರು ಶೇ 60ರಷ್ಟು ಕುಟುಂಬಗಳ ಆದಾಯ ಅದಕ್ಕಿಂತ ಕಡಿಮೆ.

★ ಗಗನಚುಂಬಿ ಕಟ್ಟಡಗಳಿಗೆ ಉಕ್ಕು ಕರಗಿಸುತ್ತಿದ್ದ ಎಷ್ಟೋ ಕಾರ್ಮಿಕರಿಗೆ 1923ರವರೆಗೂ ದಿನಕ್ಕೆ 12 ತಾಸಿನ ದುಡಿಮೆ. ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಬದಲಾಗುವ ದಿನ ಕುಲುಮೆಯ ಮುಂದೆ ಸತತ 24 ತಾಸು!

★ ರೈತರ ಪಾಲಿಗೆ ಇಡೀ ದಶಕವೇ ಬರಗಾಲದಂತೆ ಕಳೆಯಿತು. ಮೊದಲ ಮಹಾಯುದ್ಧದ ಕೊನೆಗೆ ಬುಷೆಲ್‌ಗೆ 2 ಡಾಲರ್ ದಾಟಿದ್ದ ಗೋಧಿ 1921ರಲ್ಲಿ 1 ಡಾಲರ್ ಆಸುಪಾಸಿಗೆ ಕುಸಿಯಿತು. ಯುದ್ಧದ ಬೆಲೆ ನಂಬಿ ಭೂಮಿ, ಟ್ರ್ಯಾಕ್ಟರ್ ಕೊಂಡವರಿಗೆ ಸಾಲವಷ್ಟೇ ಉಳಿಯಿತು.

★ ರೈತ ಮುಳುಗಿದರೆ ಊರಿನ ಬ್ಯಾಂಕೂ ಮುಳುಗುತ್ತದೆ. 1921ರಿಂದ 1929ರೊಳಗೆ 5,000ಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು. ಬಹುಪಾಲು ಹಳ್ಳಿ, ಸಣ್ಣ ಪಟ್ಟಣಗಳವು. ಠೇವಣಿಗೆ ಕೇಂದ್ರ ಸರ್ಕಾರದ ವಿಮೆ ಇನ್ನೂ ಬಂದಿರಲಿಲ್ಲ.

★ ನ್ಯೂಯಾರ್ಕ್ ವಿದ್ಯುದ್ದೀಪಗಳಲ್ಲಿ ಝಗಮಗಿಸುತ್ತಿದ್ದಾಗ, ದೇಶದ ಹತ್ತು ರೈತ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಸೀಮೆಎಣ್ಣೆ ದೀಪವೇ ಗತಿ. ನಾಲ್ಕು ಮನೆಗಾಗಿ ಮೈಲುಗಟ್ಟಲೆ ಕಂಬ ನೆಡಲು ವಿದ್ಯುತ್ ಕಂಪನಿಗಳಿಗೆ ಮನಸ್ಸಿರಲಿಲ್ಲ.

★ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕರಿಯರಿಗೆ ಬಾಡಿಗೆ ಹೆಚ್ಚು, ಕೂಲಿ ಕಡಿಮೆ. ಅದಕ್ಕೊಂದು ಉಪಾಯ ‘ಬಾಡಿಗೆ ಪಾರ್ಟಿ’. ಶನಿವಾರ ರಾತ್ರಿ ಕುರ್ಚಿ ಮಂಚ ಬದಿಗೆ ಸರಿಸಿ, ಪಿಯಾನೊದವನನ್ನು ಕರೆಸಿ, ಹುರಿದ ಮೀನು ಮಾರಿ, ಬಾಗಿಲಲ್ಲಿ ಬಿಡಿಕಾಸು ಪಡೆದು ಒಳಬಿಡುವುದು. ಬೆಳಗಾಗುವಾಗ ಬಾಡಿಗೆ ಸಿದ್ಧ! ಅದರ ಆಮಂತ್ರಣ ಚೀಟಿಗಳನ್ನು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕೂಡಿಟ್ಟಿದ್ದರು.

★ ಭಾರತೀಯರಿಗೂ ಆ ಸಿರಿಯ ಬಾಗಿಲು ಮುಚ್ಚಿತು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕ್ಯಾಲಿಫೋರ್ನಿಯಾದ ಪಂಜಾಬಿ ರೈತರಿಗೆ ತಮ್ಮ ಹೆಸರಿನಲ್ಲಿ ಭೂಮಿ ಹೊಂದುವ ದಾರಿಯೂ ಕಟ್ಟಿಹೋಯಿತು.

★ ‘ಲಿಫ್ಟ್ ಹುಡುಗನೂ ಷೇರು ಕೊಳ್ಳುತ್ತಿದ್ದ’ ಎಂಬ ಮಾತು ರಂಜನೆಗೆ ಸರಿ. 1929ರಲ್ಲಿ 12 ಕೋಟಿ ಜನರಲ್ಲಿ ಷೇರು ದಲ್ಲಾಳಿಗಳ ಬಳಿ ಖಾತೆ ಇದ್ದವರು ಸುಮಾರು 15 ಲಕ್ಷ. ಅದೇ ವರ್ಷದ ಷೇರುಪೇಟೆ ಕುಸಿತದ ಹೊರೆ ಮಾತ್ರ ಷೇರು ಪತ್ರವನ್ನೇ ಕಾಣದವರ ಹೆಗಲಿಗೂ ಬಿತ್ತು: 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರು ನಿರುದ್ಯೋಗಿ.

★ ಬಡತನದ ಮೇಲೆ ಅಂತಿಮ ಗೆಲುವು ಹತ್ತಿರವಿದೆ ಎಂದು 1928ರಲ್ಲಿ, ಮುಂದೆ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಹೇಳಿದ್ದರು. ಕೆಲವೇ ವರ್ಷಗಳಲ್ಲಿ ತಗಡಿನ ಜೋಪಡಿಗಳ ಕೇರಿಗೆ ‘ಹೂವರ್‌ವಿಲ್’, ಹೊದೆಯುವ ಹಳೆಯ ಪತ್ರಿಕೆಗೆ ‘ಹೂವರ್ ಕಂಬಳಿ’ ಎಂದು ಜನ ಹೆಸರಿಟ್ಟರು. ಪೆಟ್ರೋಲಿಗೆ ಕಾಸಿಲ್ಲದೆ ಹೇಸರಗತ್ತೆ ಕಟ್ಟಿ ಎಳೆಸುತ್ತಿದ್ದ ಮೋಟಾರು ಕಾರಿನ ಹೆಸರು ‘ಹೂವರ್ ಗಾಡಿ’.