ಎಕರೆ ಯಾರದ್ದು, ಗುಂಟೆ ಯಾರದ್ದು?

ಎಕರೆ ಎಂಬ ಮಾತು ಇಂಗ್ಲಿಷಿನದು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಕನ್ನಡದಲ್ಲೂ ಎಕರೆ, ತಮಿಳಿನಲ್ಲೂ ಏಕ್ಕರ್, ತೆಲುಗಿನಲ್ಲೂ ಎಕರ. ನಮ್ಮ ಹೊಸೂರು ಕಡೆ ಮೂರೂ ಭಾಷೆ ಕೇಳುವ ಕಿವಿಗೆ ಅದು ಮನೆ ಮಾತೇ ಆಗಿಬಿಟ್ಟಿದೆ.

ಹಳೆ ಇಂಗ್ಲಿಷಿನಲ್ಲಿ ಮೊದಮೊದಲು ಈ ಮಾತಿಗೆ ಅಳತೆಯ ಅರ್ಥವೇ ಇರಲಿಲ್ಲ. ಬರೀ ಹೊಲ, ಬಯಲು, ಅಷ್ಟೆ. ಸಂಸ್ಕೃತದ ‘ಅಜ್ರ’ ಎಂಬ ಶಬ್ದಕ್ಕೂ ಅರ್ಥ ಬಯಲೇ. ಎರಡೂ ಒಂದೇ ಬೇರಿನವು ಎಂದು ಭಾಷಾ ಪಂಡಿತರು ಹೇಳುತ್ತಾರೆ. ಆಮೇಲೆ ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲಕ್ಕೆ ಆ ಹೆಸರು ನಿಂತಿತು. ಎತ್ತು ಬಡಕಲಾದರೆ ಎಕರೆ ಕಿರಿದು, ಗಟ್ಟಿಯಾದರೆ ಹಿರಿದು! ಈ ಗೊಂದಲ ಬಗೆಹರಿಸಿ, 1300ರ ಸುಮಾರಿಗೆ ಅಲ್ಲಿನ ರಾಜಶಾಸನವೇ ಅಳತೆ ಕಟ್ಟಿತು: ಉದ್ದ 660 ಅಡಿ, ಅಗಲ 66 ಅಡಿ.

ಹೀಗೆ ಪಟ್ಟಿಯ ಹಾಗೆ ಉದ್ದಕ್ಕೆ ಯಾಕೆ? ಉತ್ತರ ಇನ್ನೊಂದು ಮಾತಿನಲ್ಲಿದೆ. ‘ಫರ್ಲಾಂಗು’ ಎಂದರೆ ಹಳೆ ಇಂಗ್ಲಿಷಿನಲ್ಲಿ ನೇಗಿಲ ಸಾಲಿನ ಉದ್ದ. ಭಾರಿ ನೇಗಿಲಿಗೆ ಎಂಟೆತ್ತು ಹೂಡಿದರೆ ತಿರುಗಿಸುವುದೇ ಕಷ್ಟ. ಅದಕ್ಕೇ ಸಾಲು ಉದ್ದ, ತಿರುವು ಕಮ್ಮಿ. ಆ 660 ಅಡಿಯೇ ಒಂದು ಫರ್ಲಾಂಗು. ನಮ್ಮ ಹಿರಿಯರು ‘ಎರಡು ಫರ್ಲಾಂಗು ನಡೀರಿ’ ಅಂತ ದಾರಿ ತೋರಿಸುವಾಗ ಯಾರದ್ದೋ ಎತ್ತಿನ ನಡಿಗೆ ಅಳೆಯುತ್ತಿದ್ದರು ಅನ್ನಿ.

1620ರಲ್ಲಿ ಎಡ್ಮಂಡ್ ಗುಂಟರ್ ಎಂಬಾತ 66 ಅಡಿಯ, ನೂರು ಕೊಂಡಿಯ ಸರಪಳಿ ತಂದ. ಹತ್ತು ಚದರ ಸರಪಳಿಗೆ ಒಂದು ಎಕರೆ. ಹೆಸರು ಕೇಳಿ ನಮ್ಮ ಗುಂಟೆ ಇವನಿಂದಲೇ ಬಂತು ಎನ್ನುವವರುಂಟು. ಸದ್ದು ಹತ್ತಿರವಾದ ಮಾತ್ರಕ್ಕೆ ನಾನು ನಂಬುವುದಿಲ್ಲ. ಆದರೆ ಲೆಕ್ಕ ಮಾತ್ರ ಚೆನ್ನಾಗಿ ಕೂಡುತ್ತದೆ. 33 ಅಡಿಗೆ 33 ಅಡಿ ಒಂದು ಗುಂಟೆ, ಅಂದರೆ ಅರ್ಧ ಸರಪಳಿಯ ಚೌಕ. 40 ಗುಂಟೆಗೆ ಎಕರೆ. ನೂರು ಸೆಂಟಿಗೂ ಎಕರೆ.

ಗಡಿಯವರು ಎಚ್ಚರ ತಪ್ಪಬಾರದ ಜಾಗ ಇದೇ ನೋಡಿ. ಅತ್ತಿಬೆಲೆ ಆಚೆಯ ಪಹಣಿಯಲ್ಲಿ ‘2-20’ ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಸರಿಯಾಗಿ ಎರಡೂವರೆ ಎಕರೆ. ಈಚೆ ನಮ್ಮಲ್ಲಿ ‘ಎರಡು ಇಪ್ಪತ್ತು’ ಎಂದರೆ ಎರಡು ಎಕರೆ ಇಪ್ಪತ್ತು ಸೆಂಟು. ನಡುವೆ 30 ಸೆಂಟು ವ್ಯತ್ಯಾಸ, ಅಂದರೆ 12 ಗುಂಟೆ! ಇವತ್ತಿನ ದರದಲ್ಲಿ ಅದು ಮಗಳ ಮದುವೆಯ ದುಡ್ಡು. ಬಾಯಿ ಮಾತಿನಲ್ಲಿ ವ್ಯಾಪಾರ ಕುದುರಿಸುವಾಗ ಗುಂಟೆಯೋ ಸೆಂಟೋ ಎಂದು ಬಿಡಿಸಿ ಕೇಳಿಕೊಳ್ಳಿ. ಒಂದು ಗುಂಟೆಗೆ ಎರಡೂವರೆ ಸೆಂಟು. ತಮಿಳುನಾಡಿನ ಪಟ್ಟಾದಲ್ಲಿ ಹೆಕ್ಟೇರು, ಆರ್ ಎಂದಿದ್ದರೆ, ಒಂದು ಆರ್ ಹೆಚ್ಚುಕಮ್ಮಿ ಒಂದು ಗುಂಟೆಯೇ, ಕೂದಲೆಳೆ ಕಮ್ಮಿ.

ವ್ಯಾಪಾರಸ್ಥರಿಗೂ ಎರಡು ಮಾತು ಇವೆ. ಹಳೆ ಇಂಗ್ಲಿಷಿನ ‘ಫಿಯೋ’ ಎಂದರೆ ದನವೂ ಹೌದು, ದುಡ್ಡೂ ಹೌದು. ನಮ್ಮ ದನ-ಧನದ ಹಾಗೇ ಅಲ್ಲವೇ? ದನಕ್ಕೆ ಈಗ ಅವರು ಹೇಳುವ ‘ಕ್ಯಾಟಲ್’ ಕೂಡ ಮೊದಲು ಆಸ್ತಿ ಎಂಬ ಅರ್ಥದ್ದು, ಬಂಡವಾಳದ ‘ಕ್ಯಾಪಿಟಲ್’ಗೆ ಒಡಹುಟ್ಟು.

ಇಪ್ಪತ್ತಕ್ಕೆ ‘ಸ್ಕೋರ್’ ಎನ್ನುವುದು ಕೋಲಿನ ಮೇಲೆ ಕೊರೆದ ಗೀರಿನಿಂದ. ನಮ್ಮ ‘ಕೊರೆ’ಗೆ ನಂಟು ಕಟ್ಟಬೇಡಿ, ಅದು ಸದ್ದಿನ ಹೋಲಿಕೆ ಮಾತ್ರ. ಸಾಲದ ಲೆಕ್ಕವನ್ನೂ ಕೋಲಿನ ಮೇಲೇ ಗೀರುತ್ತಿದ್ದರು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಇಬ್ಬರೂ ಒಂದೊಂದು ಇಟ್ಟುಕೊಳ್ಳುವುದು. ಎರಡನ್ನೂ ಜೋಡಿಸಿದಾಗ ಗೀರು ಕೂಡಿದರೆ ಲೆಕ್ಕ ಸರಿ. ಸಾಲ ಕೊಟ್ಟವನ ಉದ್ದದ ತುಂಡಿಗೆ ‘ಸ್ಟಾಕ್’ ಎಂದು ಹೆಸರು. ಇಂಗ್ಲೆಂಡಿನ ಖಜಾನೆಯಲ್ಲಿ ಇಂಥ ಕೋಲು ರಾಶಿ ಬಿದ್ದಿದ್ದವು. 1834ರ ಅಕ್ಟೋಬರಿನಲ್ಲಿ ಅವನ್ನು ಒಲೆಗೆ ಹಾಕಿ ಸುಡಹೋದರು. ಬೆಂಕಿ ಹತ್ತಿ ಲಂಡನ್ನಿನ ಪಾರ್ಲಿಮೆಂಟ್ ಭವನವೇ ಸುಟ್ಟುಹೋಯಿತು.