ಪಾಸ್‌ವರ್ಡ್ ಸರಿಯಿದೆ, ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ

ಬೆಳಗ್ಗೆ ಕಚೇರಿಯ ಕಂಪ್ಯೂಟರಿಗೆ ಲಾಗಿನ್ ಆಗುತ್ತೀರಿ. ಮೇಲ್ ಬರುತ್ತದೆ, ಪ್ರಿಂಟರ್ ಓಡುತ್ತದೆ. ಎಲ್ಲರೂ ಹಂಚಿಕೊಳ್ಳುವ ನೆಟ್‌ವರ್ಕ್ ಫೋಲ್ಡರನ್ನು ಕ್ಲಿಕ್ ಮಾಡಿದರೆ ಮಾತ್ರ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಕಿಟಕಿ ಎದುರಾಗುತ್ತದೆ. ಟೈಪ್ ಮಾಡಿದರೆ ಅದೇ ಕಿಟಕಿ ಮತ್ತೆ ಬರುತ್ತದೆ. ಇನ್ನೊಮ್ಮೆ, ಮತ್ತೊಮ್ಮೆ ಪ್ರಯತ್ನಿಸುವಷ್ಟರಲ್ಲಿ ಖಾತೆಯೇ ಲಾಕ್ ಆದರೂ ಆಯಿತು. ಕಂಪ್ಯೂಟರುಗಳೆಲ್ಲ ವಿಂಡೋಸ್, ಫೈಲುಗಳನ್ನು ಇಟ್ಟಿರುವ ಸರ್ವರ್ ಮಾತ್ರ ಲಿನಕ್ಸ್ ಅಥವಾ ಯುನಿಕ್ಸ್ ಆಗಿರುವ ಕಡೆ ಈ ತೊಂದರೆ ತೀರಾ ಪರಿಚಿತ.

ಪಾಸ್‌ವರ್ಡ್ ಬದಲಾಯಿಸಿಕೊಡಿ ಎನ್ನುವುದು ಮೊದಲ ಬೇಡಿಕೆ. ಸರ್ವರನ್ನು ಒಮ್ಮೆ ಆರಿಸಿ ಹಚ್ಚಿ ಎನ್ನುವುದು ಎರಡನೆಯದು. ಎರಡರಿಂದಲೂ ಪ್ರಯೋಜನವಾಗದೇ ಹೋಗುವುದಕ್ಕೆ ಕಾರಣವಿದೆ. ಫೋಲ್ಡರ್ ತೆರೆಯುವ ಆ ಒಂದು ಕ್ಷಣದಲ್ಲಿ ಮೂರು ಯಂತ್ರಗಳು ಒಂದನ್ನೊಂದು ನಂಬಬೇಕು. ಅದಕ್ಕಾಗಿ ಗಡಿಯಾರ, ಹೆಸರು, ಸದಸ್ಯತ್ವ, ಗುರುತು, ಅನುಮತಿ ಎಂಬ ಐದು ಸಂಗತಿಗಳು ತಾಳೆಯಾಗಬೇಕು. ಯಾವುದು ತಪ್ಪಿದರೂ ಬಳಕೆದಾರರಿಗೆ ಕಾಣುವುದು ಹೆಚ್ಚುಕಡಿಮೆ ಒಂದೇ ನಿರಾಕರಣೆ. ಆದ್ದರಿಂದ ಇಲ್ಲಿ ದುರಸ್ತಿಗಿಂತ ರೋಗ ಪತ್ತೆಯೇ ದೊಡ್ಡ ಕೆಲಸ. ಆ ಪತ್ತೆಗೆ ಒಂದು ಕ್ರಮವಿದೆ.

ಎರಡು ಲೋಕ ಕೂಡಿದ್ದು ಹೇಗೆ

ನೆಟ್‌ವರ್ಕಿನ ಮೂಲಕ ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಪ್ರೋಟೊಕಾಲ್ 1980ರ ದಶಕದ ಆರಂಭದಲ್ಲಿ ಐಬಿಎಂನಲ್ಲಿ ಹುಟ್ಟಿತು. ಅದನ್ನು ರೂಪಿಸಿದವರು ಬ್ಯಾರಿ ಫೈಗನ್‌ಬಾಮ್. ಮುಂದೆ ಮೈಕ್ರೋಸಾಫ್ಟ್ ಅದನ್ನು ಎತ್ತಿಕೊಂಡು ಬೆಳೆಸಿತು. ಯುನಿಕ್ಸ್ ಯಂತ್ರಗಳಿಗೆ ಸಾಮಾನ್ಯವಾಗಿ ಈ ಭಾಷೆ ಬರುತ್ತಿರಲಿಲ್ಲ. 1991ರ ಕೊನೆಗೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಆ್ಯಂಡ್ರ್ಯೂ ಟ್ರಿಜೆಲ್, ತಂತಿಯ ಮೇಲೆ ಹರಿಯುವ ಪ್ಯಾಕೆಟ್ಟುಗಳನ್ನೇ ಹಿಡಿದು ನೋಡಿ, ಒಂದು ಯಂತ್ರ ಏನು ಕೇಳುತ್ತದೆ, ಇನ್ನೊಂದು ಏನು ಹೇಳುತ್ತದೆ ಎಂದು ಊಹಿಸುತ್ತ, ಯುನಿಕ್ಸ್ ಮೇಲೆ ಓಡುವ ಫೈಲ್ ಸರ್ವರ್ ಒಂದನ್ನು ಬರೆದರು. ಅದೇ ಇಂದಿನ ಸಾಂಬಾ. ಇವತ್ತು ಯುನಿಕ್ಸ್ ಕುಟುಂಬದ ಸರ್ವರ್ ವಿಂಡೋಸ್ ಕಂಪ್ಯೂಟರಿಗೆ ಫೋಲ್ಡರ್ ಕೊಡುತ್ತಿದ್ದರೆ ಒಳಗೆ ಸಾಮಾನ್ಯವಾಗಿ ದುಡಿಯುತ್ತಿರುವುದು ಅದೇ.

2000ನೇ ಇಸವಿಯಲ್ಲಿ ಬಂದ ವಿಂಡೋಸ್ 2000 ಈ ಕೆಲಸವನ್ನು ಇನ್ನಷ್ಟು ಜಟಿಲಗೊಳಿಸಿತು. ಸಂಸ್ಥೆಯ ಎಲ್ಲ ಬಳಕೆದಾರರ, ಎಲ್ಲ ಯಂತ್ರಗಳ ಪಟ್ಟಿಯನ್ನು ಒಂದೆಡೆ ಇಡುವ ಆಕ್ಟಿವ್ ಡೈರೆಕ್ಟರಿ ಬಂತು. ಗುರುತು ಪರೀಕ್ಷಿಸಲು ಕರ್ಬರೋಸ್ ಎಂಬ ಪದ್ಧತಿ ಬಂತು. ಇದರ ಬೇರು 1978ರಲ್ಲಿ ನೀಡಮ್ ಮತ್ತು ಶ್ರೋಡರ್ ಪ್ರಕಟಿಸಿದ ಪ್ರೋಟೊಕಾಲಿನಲ್ಲಿದೆ. ಅದನ್ನು ಬೆಳೆಸಿದ್ದು ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆ. ಮೈಕ್ರೋಸಾಫ್ಟಿನ ಒಳ ವಿವರಗಳು ಮಾತ್ರ ಬಹುಕಾಲ ಮುಚ್ಚಿಯೇ ಇದ್ದವು. ಅವನ್ನು ಬಿಟ್ಟುಕೊಡಬೇಕೆಂದು ಐರೋಪ್ಯ ಕಮಿಷನ್ 2004ರಲ್ಲಿ ಕೊಟ್ಟ ಆದೇಶವನ್ನು 2007ರಲ್ಲಿ ನ್ಯಾಯಾಲಯ ಎತ್ತಿಹಿಡಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಸಾಂಬಾ ತಂಡಕ್ಕೆ ಆ ವಿವರಗಳ ದಾಖಲೆಗಳು ಸಿಕ್ಕವು. 2012ರ ಡಿಸೆಂಬರಿನಲ್ಲಿ ಬಂದ ಸಾಂಬಾ 4.0 ತಾನೇ ಆಕ್ಟಿವ್ ಡೈರೆಕ್ಟರಿಯ ಪಾತ್ರ ವಹಿಸುವಷ್ಟು ಬೆಳೆದಿತ್ತು.

ಟಿಕೆಟ್ಟಿನ ಲೆಕ್ಕಾಚಾರ

ದರ್ಶಿನಿ ಹೋಟೆಲಿನಲ್ಲಿ ನಾವು ಹಣ ಕೊಡುವುದು ಕ್ಯಾಷ್ ಕೌಂಟರಿನಲ್ಲಿ. ಅಲ್ಲಿ ಸಿಕ್ಕ ಟೋಕನ್ ಹಿಡಿದು ದೋಸೆ ಕೌಂಟರಿಗೆ ಹೋಗುತ್ತೇವೆ. ದೋಸೆ ಹುಯ್ಯುವವರು ದುಡ್ಡು ಕೇಳುವುದಿಲ್ಲ. ಟೋಕನ್ ತಮ್ಮ ಕ್ಯಾಷಿಯರ್ ಕೊಟ್ಟದ್ದೇ, ಇವತ್ತಿನದೇ ಎಂದಷ್ಟೇ ನೋಡುತ್ತಾರೆ. ಕರ್ಬರೋಸ್ ಕೆಲಸ ಮಾಡುವುದೂ ಹೀಗೆಯೇ. ಕ್ಯಾಷಿಯರ್ ಜಾಗದಲ್ಲಿ ಡೊಮೇನ್ ಕಂಟ್ರೋಲರ್ ಎಂಬ ಯಂತ್ರ ಕೂತಿರುತ್ತದೆ. ನೀವು ಬೆಳಗ್ಗೆ ಲಾಗಿನ್ ಆದಾಗ ನಿಮ್ಮನ್ನು ಪರೀಕ್ಷಿಸುವುದು ಅದು. ಫೋಲ್ಡರ್ ಕ್ಲಿಕ್ ಮಾಡಿದಾಗ ಆ ಸರ್ವರಿಗೆಂದೇ ಒಂದು ಟಿಕೆಟ್ ಕೊಡುವುದೂ ಅದೇ. ಆ ಟಿಕೆಟ್ಟಿಗೆ ಹಾಕಿದ ಬೀಗದ ಕೀಲಿ ಡೊಮೇನ್ ಕಂಟ್ರೋಲರಿಗೂ ಫೈಲ್ ಸರ್ವರಿಗೂ ಮಾತ್ರ ಗೊತ್ತು. ಫೈಲ್ ಸರ್ವರ್ ಟಿಕೆಟ್ಟನ್ನು ಬಿಚ್ಚಿ ಓದಲು ಸಾಧ್ಯವಾದರೆ ಅದು ಅಸಲಿ.

ಎಂದರೆ ಫೈಲ್ ಸರ್ವರ್ ನಿಮ್ಮ ಪಾಸ್‌ವರ್ಡನ್ನು ನೋಡುವುದೇ ಇಲ್ಲ. ಲಾಗಿನ್ ಆಗಿ ಫೋಲ್ಡರ್ ಸಿಗದಿದ್ದರೆ ಕಾರಣವನ್ನು ಟಿಕೆಟ್ಟಿನ ದಾರಿಯಲ್ಲಿ ಹುಡುಕಬೇಕೇ ಹೊರತು ಕೀಬೋರ್ಡಿನಲ್ಲಲ್ಲ.

ಮೊದಲು ಗಡಿಯಾರ

ಟಿಕೆಟ್ಟನ್ನು ಯಾರೋ ತಂತಿಯ ಮೇಲಿಂದ ನಕಲು ಮಾಡಿ ಆಮೇಲೆ ಬಳಸಬಾರದಲ್ಲ? ಅದಕ್ಕೆಂದೇ ಪ್ರತಿ ಕೋರಿಕೆಗೂ ಆ ಕ್ಷಣದ ಸಮಯದ ಮುದ್ರೆ ಇರುತ್ತದೆ. ಕಳಿಸುವ ಯಂತ್ರಕ್ಕೂ ಪಡೆಯುವ ಯಂತ್ರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಸಾಮಾನ್ಯ ಸೆಟ್ಟಿಂಗಿನಲ್ಲಿ ಕರ್ಬರೋಸ್ ಕೋರಿಕೆಯನ್ನು ತಳ್ಳಿಹಾಕುತ್ತದೆ. ಸರ್ವರಿನ ಲಾಗ್ ಫೈಲಿನಲ್ಲಿ ‘ಕ್ಲಾಕ್ ಸ್ಕ್ಯೂ ಟೂ ಗ್ರೇಟ್’ ಎಂಬ ಸಾಲು ಕಂಡರೆ ಬೇರೇನೂ ಹುಡುಕುವ ಅಗತ್ಯವಿಲ್ಲ.

ನಮ್ಮ ದೇಶದಲ್ಲಿ ಇದಕ್ಕೊಂದು ವಿಶೇಷ ರೂಪವಿದೆ. ಸರ್ವರ್ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ವಲಯದಲ್ಲಿದೆ ಎಂದುಕೊಳ್ಳಿ. ಗೋಡೆಯ ಗಡಿಯಾರ ಹತ್ತೂವರೆ ತೋರಿಸುತ್ತಿದೆ, ಸರ್ವರ್ ಐದು ಗಂಟೆ ಎನ್ನುತ್ತಿದೆ. ಇದು ಸರಿಯಾದ ಸಮಯವೇ. ಕರ್ಬರೋಸ್ ಹೋಲಿಸುವುದು ಯುಟಿಸಿಯನ್ನೇ. ಯಾರೋ ಅದನ್ನು ತಪ್ಪೆಂದು ಭಾವಿಸಿ, ವಲಯ ಬದಲಿಸುವ ಬದಲು ಕೈಯಿಂದ ಹತ್ತೂವರೆ ಎಂದು ತಿದ್ದುತ್ತಾರೆ. ಈಗ ಕಣ್ಣಿಗೆ ಎಲ್ಲ ಸರಿ, ಆದರೆ ಸರ್ವರ್ ನಿಜಕ್ಕೂ ಐದೂವರೆ ಗಂಟೆ ಮುಂದೆ ಹೋಗಿದೆ. ಐದು ನಿಮಿಷದ ಮಿತಿ ಎಲ್ಲಿ, ಐದೂವರೆ ಗಂಟೆ ಎಲ್ಲಿ! ಆದ್ದರಿಂದ ಎರಡೂ ಯಂತ್ರಗಳ ಸಮಯವನ್ನು ಯುಟಿಸಿಯಲ್ಲೇ ಹೋಲಿಸಬೇಕು. ಸರ್ವರ್ ತನ್ನ ಸಮಯವನ್ನು ಡೊಮೇನ್ ಕಂಟ್ರೋಲರಿನಿಂದಲೇ, ತಾನಾಗಿಯೇ ಪಡೆಯುವಂತೆ ಮಾಡಿದರೆ ಈ ಚಿಂತೆ ತೀರುತ್ತದೆ.

ಆಮೇಲೆ ಹೆಸರು

ಟಿಕೆಟ್ ಕೊಡುವುದು ಹೆಸರಿಗೆ. ‘ಕಡತ’ ಎಂಬ ಸರ್ವರಿಗೆ ಟಿಕೆಟ್ ಬೇಕು ಎಂದು ಕೇಳಿದರೆ, ಆ ಹೆಸರಿನ ಸೇವೆ ಆಕ್ಟಿವ್ ಡೈರೆಕ್ಟರಿಯಲ್ಲಿ ನೋಂದಣಿಯಾಗಿರಬೇಕು. ಇಲ್ಲೊಂದು ಸರಳ, ಆದರೆ ಬಹಳ ಬೆಲೆಬಾಳುವ ಪರೀಕ್ಷೆಯಿದೆ. ಸರ್ವರನ್ನು ಹೆಸರಿನಿಂದ ತೆರೆದು ನೋಡಿ, ಆಮೇಲೆ 192.168.1.10 ಎಂಬಂಥ ಐಪಿ ವಿಳಾಸದಿಂದ ತೆರೆದು ನೋಡಿ. ಐಪಿ ವಿಳಾಸಕ್ಕೆ ಸಾಮಾನ್ಯವಾಗಿ ಕರ್ಬರೋಸ್ ಟಿಕೆಟ್ ಸಿಗುವುದಿಲ್ಲ. ಆಗ ವಿಂಡೋಸ್ ಎನ್‌ಟಿಎಲ್‌ಎಂ ಎಂಬ ಹಳೆಯ ಪದ್ಧತಿಗೆ ಇಳಿಯುತ್ತದೆ. ಐಪಿಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ, ಬಳಕೆದಾರರ ಖಾತೆ, ಪಾಸ್‌ವರ್ಡ್, ಫೋಲ್ಡರಿನ ಅನುಮತಿ ಎಲ್ಲ ಸರಿಯಿವೆ, ಕರ್ಬರೋಸ್ ದಾರಿ ಮಾತ್ರ ಕೆಟ್ಟಿದೆ ಎಂದು ಬಹುಮಟ್ಟಿಗೆ ತಿಳಿದಂತಾಯಿತು. ಒಂದೇ ನಿಮಿಷದಲ್ಲಿ ಸಮಸ್ಯೆಯ ಅರ್ಧ ಭಾಗ ಪಕ್ಕಕ್ಕೆ ಸರಿಯಿತು.

ಹೆಸರಿನ ತೊಂದರೆಗೆ ಮೂಲ ಹಲವು. ಫೈಲ್ ಸರ್ವರ್ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ಗಾಗಿ ಡೊಮೇನ್ ಕಂಟ್ರೋಲರನ್ನು ಕೇಳದೆ ಹೊರಗಿನ ಸಾರ್ವಜನಿಕ ಡಿಎನ್‌ಎಸ್ ಕೇಳುತ್ತಿರಬಹುದು; ಕರ್ಬರೋಸ್ ಸೇವೆ ಯಾವ ಯಂತ್ರದಲ್ಲಿದೆ ಎಂಬ ಒಳಮಾಹಿತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸರ್ವರಿಗೆ ಇನ್ನೊಂದು ಅಡ್ಡಹೆಸರು ಕೊಟ್ಟು ಅದನ್ನು ಡೈರೆಕ್ಟರಿಯಲ್ಲಿ ನೋಂದಾಯಿಸದೆ ಬಿಟ್ಟಿರಬಹುದು. ಸರ್ವರಿನ ಸ್ವಂತ ಹೋಸ್ಟ್ಸ್ ಫೈಲಿನಲ್ಲಿ ಅದರ ಹೆಸರಿನ ಮುಂದೆ 127.0.1.1 ಎಂಬ, ತನ್ನನ್ನೇ ತೋರಿಸುವ ವಿಳಾಸ ಉಳಿದುಹೋಗಿರಬಹುದು.

ಸದಸ್ಯತ್ವ ಊರ್ಜಿತವೇ?

ಡೊಮೇನಿನಲ್ಲಿ, ಅಂದರೆ ಆಕ್ಟಿವ್ ಡೈರೆಕ್ಟರಿ ನೋಡಿಕೊಳ್ಳುವ ಬಳಗದಲ್ಲಿ, ಮನುಷ್ಯರಿಗೆ ಮಾತ್ರವಲ್ಲ, ಯಂತ್ರಗಳಿಗೂ ಖಾತೆ ಇರುತ್ತದೆ, ಪಾಸ್‌ವರ್ಡ್ ಇರುತ್ತದೆ. ಸರ್ವರನ್ನು ಡೊಮೇನಿಗೆ ಸೇರಿಸುವುದೆಂದರೆ ಈ ಖಾತೆ ತೆರೆಯುವುದು. ಟಿಕೆಟ್ಟಿನ ಬೀಗದ ಕೀಲಿ ತಯಾರಾಗುವುದು ಇದೇ ಪಾಸ್‌ವರ್ಡಿನಿಂದ. ವಿಂಡೋಸ್ ಯಂತ್ರಗಳು ಇದನ್ನು ಸಾಮಾನ್ಯವಾಗಿ 30 ದಿನಕ್ಕೊಮ್ಮೆ ತಾವೇ ಬದಲಿಸಿಕೊಳ್ಳುತ್ತವೆ. ಸಾಂಬಾ ಕೂಡ ಅವಧಿಗೆ ತಕ್ಕಂತೆ ಬದಲಿಸುತ್ತದೆ.

ಈಗ ಯಾರೋ ಎರಡು ತಿಂಗಳ ಹಿಂದಿನ ಬ್ಯಾಕಪ್ಪಿನಿಂದ ಇಡೀ ಸರ್ವರನ್ನು ಮರಳಿ ಕೂರಿಸಿದರು ಎನ್ನೋಣ. ಫೈಲುಗಳೆಲ್ಲ ಮರಳಿದವು, ಜೊತೆಗೆ ಹಳೆಯ ಯಂತ್ರ ಪಾಸ್‌ವರ್ಡೂ ಮರಳಿತು. ಡೊಮೇನ್ ಕಂಟ್ರೋಲರ್ ಹೊಸ ಕೀಲಿಯಿಂದ ಬೀಗ ಹಾಕುತ್ತಿದೆ, ಸರ್ವರ್ ಹಳೆಯ ಕೀಲಿಯಿಂದ ತೆಗೆಯಲು ನೋಡುತ್ತಿದೆ. ಒಂದೇ ಹೆಸರಿನಲ್ಲಿ ಎರಡು ಸರ್ವರುಗಳನ್ನು ಸೇರಿಸಿದರೂ ಇದೇ ಗತಿ. ಎರಡನೆಯದು ಸೇರುತ್ತಲೇ ಮೊದಲನೆಯದರ ಕೀಲಿ ನಿರುಪಯೋಗಿಯಾಗುತ್ತದೆ. ಸಾಂಬಾದಲ್ಲಿ ‘ನೆಟ್ ಆ್ಯಡ್ಸ್ ಟೆಸ್ಟ್‌ಜಾಯಿನ್’ ಎಂಬ ಆಜ್ಞೆ ಕೊಟ್ಟರೆ ಸದಸ್ಯತ್ವ ಊರ್ಜಿತವಾಗಿದೆಯೇ ಎಂದು ಅದೇ ಹೇಳುತ್ತದೆ. ಇಲ್ಲವೆಂದರೆ ಡೊಮೇನಿಗೆ ಮತ್ತೆ ಸೇರಿಸುವುದೇ ದಾರಿ.

ಒಬ್ಬರಿಗೆ ಎರಡು ಗುರುತು

ಇಲ್ಲಿಯವರೆಗೆ ಎಲ್ಲ ಸರಿಯಿದ್ದರೂ ಎರಡು ಲೋಕಗಳ ನಿಜವಾದ ಭೇದ ಎದುರಾಗುವುದು ಈಗ. ವಿಂಡೋಸ್ ಪ್ರತಿಯೊಬ್ಬರನ್ನೂ ಸಿಡ್ ಎಂಬ ಉದ್ದನೆಯ ಗುರುತಿನಿಂದ ಬಲ್ಲದು. ಅದರ ಕೊನೆಯ ಭಾಗ, ಉದಾಹರಣೆಗೆ 1104, ಡೊಮೇನಿನೊಳಗೆ ಆ ಒಬ್ಬರದ್ದೇ. ಯುನಿಕ್ಸ್ ಬಲ್ಲದ್ದು ಯುಐಡಿ ಎಂಬ ಬರೀ ಸಂಖ್ಯೆಯನ್ನು. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಕೆಲಸ ಸಾಂಬಾದ ವಿನ್‌ಬೈಂಡ್ ಎಂಬ ಭಾಗದ್ದು.

ಹೊಂದಿಸುವುದಕ್ಕೆ ಒಂದು ಸುಲಭ ವಿಧಾನ ಕೂಡುವ ಲೆಕ್ಕ. ಸಂಖ್ಯೆಗಳು 100000ರಿಂದ ಶುರುವಾಗಲಿ ಎಂದು ನಿಗದಿ ಮಾಡಿದರೆ 1104ನೇ ಬಳಕೆದಾರರ ಯುಐಡಿ 101104. ಇನ್ನೊಂದು ಸರ್ವರಿನಲ್ಲೂ ಅದೇ ನಿಗದಿ ಇದ್ದರೆ ಅಲ್ಲೂ ಅದೇ ಸಂಖ್ಯೆ ಬರುತ್ತದೆ. ಇದರ ಬದಲು ಬಂದವರಿಗೆ ಬಂದ ಕ್ರಮದಲ್ಲಿ ಸಂಖ್ಯೆ ಹಂಚುವ ವಿಧಾನವನ್ನು ಇಟ್ಟರೆ, ಒಬ್ಬರಿಗೇ ಎರಡು ಸರ್ವರುಗಳಲ್ಲಿ ಎರಡು ಸಂಖ್ಯೆ ಸಿಗಬಹುದು. ಫೈಲುಗಳನ್ನು ಒಂದರಿಂದ ಇನ್ನೊಂದಕ್ಕೆ ಸಂಖ್ಯೆಯ ಸಮೇತ ನಕಲು ಮಾಡಿದ ದಿನ, ಒಬ್ಬರ ಫೈಲಿಗೆ ಮತ್ತೊಬ್ಬರು ಮಾಲೀಕರಾಗಿಬಿಡುತ್ತಾರೆ. ಓಡುತ್ತಿರುವ ಸರ್ವರಿನಲ್ಲಿ ಈ ಆರಂಭದ ಸಂಖ್ಯೆಯನ್ನು ಯಾರೂ ಹಗುರವಾಗಿ ಬದಲಿಸಬಾರದು ಎನ್ನುವುದು ಇದಕ್ಕೇ.

ವಿನ್‌ಬೈಂಡನ್ನು ನೇರವಾಗಿ ಕೇಳಿದಾಗ ಬಳಕೆದಾರರ ವಿವರ ಬಂದು, ಯುನಿಕ್ಸನ್ನು ‘ಗೆಟೆಂಟ್’ ಆಜ್ಞೆಯಿಂದ ಕೇಳಿದಾಗ ಬರದಿದ್ದರೆ ತಪ್ಪು ಸಾಮಾನ್ಯವಾಗಿ ನಡುವಿನ ಒಂದು ಸಾಲಿನಲ್ಲಿರುತ್ತದೆ. ಹೆಸರುಗಳನ್ನು ಎಲ್ಲಿ ಹುಡುಕಬೇಕೆಂದು ಯುನಿಕ್ಸಿಗೆ ಹೇಳುವ ಎನ್‌ಎಸ್‌ಸ್ವಿಚ್ ಫೈಲಿನಲ್ಲಿ ವಿನ್‌ಬೈಂಡ್ ಎಂದು ಸೇರಿಸಿರುವುದಿಲ್ಲ, ಅಷ್ಟೆ.

ಕೊನೆಗೆ ಅನುಮತಿ

‘ಲಾಗನ್ ಫೇಲ್ಯೂರ್’ ಹೋಗಿ ‘ಆ್ಯಕ್ಸೆಸ್ ಡಿನೈಡ್’ ಬಂದರೆ ಸಾಮಾನ್ಯವಾಗಿ ಅದು ಪ್ರಗತಿ. ಸರ್ವರ್ ನಿಮ್ಮನ್ನು ಗುರುತಿಸಿದೆ, ಒಳಗೆ ಬಿಡಲು ಮಾತ್ರ ಒಪ್ಪುತ್ತಿಲ್ಲ. ಶೇರಿನ ಮಟ್ಟದಲ್ಲಿ ಒಂದು ಅನುಮತಿ, ಫೈಲ್ ಸಿಸ್ಟಮ್ ಮಟ್ಟದಲ್ಲಿ ಇನ್ನೊಂದು. ಎರಡೂ ಹೂಂ ಅನ್ನಬೇಕು. ಮೇಲಿನ ಪ್ರತಿ ಫೋಲ್ಡರಿನ ಮೂಲಕ ಹಾದುಹೋಗುವ ಹಕ್ಕೂ ಇರಬೇಕು. ಎಸ್‌ಇ ಲಿನಕ್ಸ್ ಎಂಬ ಹೆಚ್ಚುವರಿ ಕಾವಲು ಇರುವ ಸರ್ವರಿನಲ್ಲಿ ಫೋಲ್ಡರಿಗೆ ಸಾಂಬಾದ ಗುರುತುಚೀಟಿ ಹಚ್ಚಿರಬೇಕು.

ಬಹಳ ಜನರನ್ನು ಕಾಡುವ ಸಂಗತಿ ಇನ್ನೊಂದಿದೆ. ಹೊಸಬರನ್ನು ಲೆಕ್ಕಪತ್ರ ಗುಂಪಿಗೆ ಸೇರಿಸಿದ್ದಾಗಿದೆ, ಆದರೂ ಫೋಲ್ಡರ್ ತೆರೆಯುತ್ತಿಲ್ಲ. ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬ ಪಟ್ಟಿ ಟಿಕೆಟ್ಟಿನೊಳಗೇ ಬರೆದಿರುತ್ತದೆ. ಬೆಳಗ್ಗೆ ಪಡೆದ ಟಿಕೆಟ್ಟಿನಲ್ಲಿ ಮಧ್ಯಾಹ್ನದ ಬದಲಾವಣೆ ಇರುವುದು ಹೇಗೆ? ಟಿಕೆಟ್ಟಿನ ಆಯುಸ್ಸು ಸಾಮಾನ್ಯವಾಗಿ ಹತ್ತು ಗಂಟೆ. ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆದರೆ ಹೊಸ ಟಿಕೆಟ್, ಹೊಸ ಪಟ್ಟಿ.

ಅಪಾಯದ ಅಡ್ಡದಾರಿ

ಗಂಟೆಗಟ್ಟಲೆ ಹೆಣಗಿದ ಮೇಲೆ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕಿನ, ಅನುಮತಿ ಕೊಟ್ಟುಬಿಡುವ, ಅತಿಥಿಗಳಿಗೂ ಪ್ರವೇಶ ತೆರೆಯುವ, ಹಳೆಯ ಪ್ರೋಟೊಕಾಲನ್ನು ಮತ್ತೆ ಚಾಲೂ ಮಾಡುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿದ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸಿನಲ್ಲಿ ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ಬಿರುಕಿನ ಮೂಲಕ. 2019ರ ಸಾಂಬಾ 4.11ರಿಂದ ಆ ಆವೃತ್ತಿ ತಾನಾಗಿ ಚಾಲೂ ಇರುವುದಿಲ್ಲ. ಎನ್‌ಟಿಎಲ್‌ಎಂ ಕೂಡ ಹೋಗಲಿದೆ ಎಂದು 2024ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದೆ. ಸರ್ವರನ್ನು ಹೊಸದಾಗಿಸಿದ ಮೇಲೆ ಹಳೆಯ ಜೆರಾಕ್ಸ್ ಯಂತ್ರದಿಂದ ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಬರುತ್ತಿಲ್ಲವೆಂದರೆ ಆ ಯಂತ್ರಕ್ಕೆ ಹಳೆಯ ಆವೃತ್ತಿಯಷ್ಟೇ ಗೊತ್ತಿರಬಹುದು. ಅದೊಂದಕ್ಕಾಗಿ ಇಡೀ ಸರ್ವರನ್ನು ಹಿಂದಕ್ಕೆ ಎಳೆಯುವುದು ತರವಲ್ಲ. ಹಂಚಿಕೊಂಡ ಫೋಲ್ಡರುಗಳಲ್ಲಿರುವುದು ಜನರ ಸಂಬಳದ ವಿವರ, ವಿದ್ಯಾರ್ಥಿಗಳ ಅಂಕಪಟ್ಟಿ, ರೋಗಿಗಳ ದಾಖಲೆ. ಅವುಗಳ ಗುಟ್ಟು ಕಾಯುವುದಕ್ಕೇ ಇಷ್ಟೆಲ್ಲ ಬೀಗ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಫಲ ನೋಡಿ, ಬರೆದಿಡುವುದು ಇಲ್ಲಿ ಬಹಳ ದೊಡ್ಡ ಉಪಕರಣ. ಬಳಕೆದಾರರೂ ಸಹಾಯ ಮಾಡಬಹುದು: ‘ಫೋಲ್ಡರ್ ಓಪನ್ ಆಗ್ತಿಲ್ಲ’ ಎಂದಷ್ಟೇ ಹೇಳದೆ ಎಷ್ಟು ಗಂಟೆಗೆ, ಯಾವ ಕಂಪ್ಯೂಟರಿನಿಂದ, ತೆರೆಯ ಮೇಲೆ ಬಂದ ಸಂದೇಶ ಅಕ್ಷರಶಃ ಏನು, ಪಕ್ಕದವರಿಗೆ ತೆರೆಯುತ್ತಿದೆಯೇ ಎಂದು ತಿಳಿಸಿ. ಪಕ್ಕದವರಿಗೆ ತೆರೆಯುತ್ತಿದ್ದರೆ ಸರ್ವರಿನ ಗಡಿಯಾರ, ಅದರ ಸದಸ್ಯತ್ವ ಎರಡೂ ಬಹುಶಃ ಸರಿಯಿವೆ. ಯಾರಿಗೂ ತೆರೆಯದಿದ್ದರೆ ಪರೀಕ್ಷೆಯನ್ನು ಅವುಗಳಿಂದಲೇ ಶುರುಮಾಡಬೇಕು. ಈ ನಾಲ್ಕು ವಿವರ ಕೈಯಲ್ಲಿದ್ದರೆ ಸರ್ವರ್ ನೋಡಿಕೊಳ್ಳುವವರು ಲಾಗ್ ಫೈಲಿನ ಸಾವಿರಾರು ಸಾಲುಗಳಲ್ಲಿ ಬೇಕಾದ ಸಾಲಿಗೆ ನೇರವಾಗಿ ಹೋಗಬಲ್ಲರು.